ಆಣೆಯ ಪುಸ್ತಕ ಮುಚ್ಚಿಸಿದವರು

ಮೈಸೂರಿನಲ್ಲಿ ಕುಡಿತ ಬಿಡಿಸುವ ಕೆಲಸಕ್ಕೆ ಕೈಹಾಕಿದವರು ಹಲವರಿದ್ದಾರೆ. ಕುಡಿಯುವವರ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿದವರು ಕಡಿಮೆ. ಆ ಕಡಿಮೆ ಜನರಲ್ಲಿ ಮೊದಲು ನೆನೆಯಬೇಕಾದವರು ಜಯಲಕ್ಷ್ಮಿಪುರಂನ ನಮ್ಮ ವ್ಯಸನಮುಕ್ತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಆಪ್ತಸಮಾಲೋಚಕಿಯಾಗಿದ್ದು, ಕಳೆದ ಮೇ ತಿಂಗಳ ಕೊನೆಗೆ ನಿವೃತ್ತರಾದ ಶ್ರೀಮತಿ ದಾಕ್ಷಾಯಣಮ್ಮನವರು. ಅವರ ಅಭಿನಂದನ ಗ್ರಂಥಕ್ಕೆ ಬರೆಯುವುದು ನನ್ನ ಭಾಗ್ಯವೆನ್ನುವುದು ರೂಢಿ. ಭಾಗ್ಯವೇ ಸರಿ. ಆದರೆ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ದಣಿದವನಲ್ಲಿ ಹೊಗಳಿಕೆಗೆ ಬೇಕಾದ ಹುರುಪು ಅಷ್ಟಾಗಿ ಉಳಿದಿರುವುದಿಲ್ಲ. ಆದ್ದರಿಂದ ಮೇಡಂ ನನ್ನ ಒಂದು ತಪ್ಪನ್ನು ಹೇಗೆ ತಿದ್ದಿದರು ಎಂಬುದನ್ನಷ್ಟೇ ಬರೆಯುತ್ತೇನೆ.

ಅವರು ಸೇವೆಗೆ ಸೇರಿದ ಕಾಲದಲ್ಲಿ ಸಮಾಲೋಚನೆಯೆಂದರೆ ಬುದ್ಧಿವಾದ. ಹೆಂಡತಿಯನ್ನು ಎದುರಿಗೆ ಕೂರಿಸಿ ಅಳಿಸುವುದು, ಕೆಟ್ಟುಹೋದ ಲಿವರಿನ ಚಿತ್ರ ತೋರಿಸಿ ಹೆದರಿಸುವುದು, ಕೊನೆಗೆ ಬೈಯುವುದು. ಇಪ್ಪತ್ತು ವರ್ಷಗಳ ಹಿಂದೆ ಒಂದು ತರಬೇತಿಗೆ ಹೋಗಿ ಮೇಡಂ ಪ್ರೇರಣಾತ್ಮಕ ಸಂದರ್ಶನವೆಂಬ ಕ್ರಮವನ್ನು ಕಲಿತು ಬಂದರು. ಬದಲಾಗಬೇಕೆಂಬ ಕಾರಣ ನಮ್ಮ ಬಾಯಿಂದಲ್ಲ, ಬಂದವರ ಬಾಯಿಂದಲೇ ಹೊರಡಬೇಕು. ಅಲ್ಲಿಯವರೆಗೆ ಕೇಳುತ್ತಾ, ಕೇಳಿದ್ದನ್ನು ಅವರಿಗೇ ತಿರುಗಿಸಿ ಹೇಳುತ್ತಾ ಕಾಯಬೇಕು ಎಂಬುದು ಅದರ ತಿರುಳು. ‘ದಾಕ್ಷಾಯಣಮ್ಮನೋರು ಕೌನ್ಸೆಲಿಂಗ್ ಮಾಡಲ್ಲ ಕಣ್ರೀ, ಹರಟೆ ಹೊಡೀತಾರೆ’ ಎಂದು ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು.

ನಮ್ಮಲ್ಲಿ ಆಗ ಆಣೆಯ ಪುಸ್ತಕವಿತ್ತು. ಇಪ್ಪತ್ತೊಂದು ದಿನದ ಚಿಕಿತ್ಸೆ ಮುಗಿಸಿ ಹೊರಡುವವರು ಚಾಮುಂಡೇಶ್ವರಿಯ ಪಟದ ಮುಂದೆ ನಿಂತು, ಮನೆಯವರೊಬ್ಬರ ತಲೆಯ ಮೇಲೆ ಕೈಯಿಟ್ಟು ‘ಇನ್ನು ಕುಡಿಯುವುದಿಲ್ಲ’ ಎಂದು ಆಣೆ ಮಾಡಿ, ಕೆಂಪು ರಟ್ಟಿನ ಆ ಪುಸ್ತಕದಲ್ಲಿ ಸಹಿ ಹಾಕಬೇಕು. ಮನೆಯವರಿಗೆ ಇದರಿಂದ ತೃಪ್ತಿ, ಆಡಳಿತ ಮಂಡಳಿಗೂ ತೃಪ್ತಿ. ಮೇಡಂ ಎರಡು ಸಭೆಗಳಲ್ಲಿ ಇದು ಬೇಡವೆಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮ ಕಡೆಯವರಿಗೆ ಮಾತ್ರ ಸದ್ದಿಲ್ಲದೆ ಅದನ್ನು ತಪ್ಪಿಸುತ್ತಿದ್ದರು. ನಾನು ಅದನ್ನು ಅವರ ಮೆದುತನವೆಂದುಕೊಂಡಿದ್ದೆ.

ನಾಲ್ಕು ವರ್ಷಗಳ ಹಿಂದೆ ಉದಯಗಿರಿಯ ಬೀರಯ್ಯ ನನ್ನ ಪಾಲಿಗೆ ಬಂದರು. ಸ್ಕೂಟರ್ ರಿಪೇರಿಯವರು. ಹೀಗೇ ಕುಡಿದರೆ ಇನ್ನೊಂದು ವರ್ಷ ಕಷ್ಟವೆಂದು ಡಾಕ್ಟರು ಹೇಳಿಯಾಗಿತ್ತು. ಹೊರಡುವ ದಿನ ಹನ್ನೊಂದು ವರ್ಷದ ಮಗಳು ಹರ್ಷಿತಾಳ ತಲೆಯ ಮೇಲೆ ಕೈಯಿಡಿ ಎಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಮಣಿಕಟ್ಟು ಹಿಡಿದು ಇಡಿಸಿದೆ. ಹತ್ತೊಂಬತ್ತನೆಯ ದಿನ ಬೀರಯ್ಯ ಕುಡಿದರು. ಅದೇ ವಾರ ಹುಡುಗಿ ಡೆಂಗಿ ಬಂದು ಆಸ್ಪತ್ರೆ ಸೇರಿದಳು.

ಹುಡುಗಿ ಚೇತರಿಸಿಕೊಂಡಳು. ಬೀರಯ್ಯ ಮಾತ್ರ ನಮ್ಮತ್ತ ತಲೆಹಾಕಲಿಲ್ಲ. ಆಣೆ ಮುರಿದದ್ದಕ್ಕೇ ಮಗಳಿಗೆ ಹೀಗಾಯಿತೆಂದು ಕೊರಗುತ್ತಾ ಬೆಳಿಗ್ಗೆಯಿಂದಲೇ ಕುಡಿಯತೊಡಗಿದ್ದಾರೆಂದು ಎರಡು ತಿಂಗಳ ಮೇಲೆ ಅವರ ಹೆಂಡತಿ ಇಂದ್ರಮ್ಮ ಬಂದು ಹೇಳಿದರು. ನಾನು ಮೂರು ಸಲ ಫೋನ್ ಮಾಡಿ, ಡೆಂಗಿ ಬರುವುದು ಸೊಳ್ಳೆಯಿಂದ, ಆಣೆಯಿಂದಲ್ಲ ಎಂದು ಉಪನ್ಯಾಸ ಕೊಟ್ಟೆ. ಮೂರನೆಯ ಸಲ ಅವರು ಫೋನ್ ಕತ್ತರಿಸಿದರು.

ಬೈಗುಳ ತಿನ್ನುವ ಸಿದ್ಧತೆಯಲ್ಲೇ ಮೇಡಂ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ: ‘ಕೈ ಎಳ್ಕೊಂಡಾಗ ಅವರಿಗೆ ಏನನ್ನಿಸಿರಬಹುದು ಪ್ರಸಾದ್?’ ಮರುದಿನ ಇಬ್ಬರೂ ಉದಯಗಿರಿಯ ಅವರ ಅಂಗಡಿಗೆ ಹೋದೆವು.

‘ಇಲ್ಲಿ ಸ್ವಲ್ಪ ಹೊತ್ತು ಕೂತ್ಕೋಬಹುದಾ? ಬೇಡ ಅಂದ್ರೆ ಹೋಗ್ತೀವಿ’ ಎಂದರು ಮೇಡಂ. ಬೀರಯ್ಯ ಬಿಚ್ಚಿಟ್ಟಿದ್ದ ಒಂದು ಸ್ಕೂಟರ್ ಸೀಟನ್ನು ತೋರಿಸಿದರು. ಮೇಡಂ ಅದರ ಮೇಲೆ ಕೂತು ಅವರ ಕೆಲಸ ನೋಡುತ್ತಿದ್ದರು.

‘ಬುಟ್ಬುಡಿ ಅಮ್ಮ’ ಎಂದರು ಬೀರಯ್ಯ ಕೊನೆಗೆ. ‘ಆಣೆ ಮುರ್ದು ಮಗೂನ ಆಸ್ಪತ್ರೆಗೆ ಆಕ್ಬುಟ್ಟೆ.’

ಸೊಳ್ಳೆಯ ವಿಷಯ ಎತ್ತಲು ನಾನು ಬಾಯಿ ತೆರೆದೆ. ಮೇಡಂ ಕಣ್ಣಲ್ಲೇ ಗದರಿದರು. ‘ಕುಡಿದಿದ್ದಕ್ಕಿಂತ ಮಗಳಿಗೆ ಆಗಿದ್ದೇ ನಿಮ್ಮನ್ನ ತಿಂತಾ ಇದೆ’ ಎಂದರು.

‘ಊಂ. ಅದ್ನ ಮರೆಯಕ್ಕೇ ಕುಡೀತಿವ್ನಿ.’

‘ಕುಡಿಯೋದು ಬಿಡಬೇಕು ಅನ್ನೋ ಆಸೆ ಹತ್ತರಲ್ಲಿ ಎಷ್ಟಿದೆ ಅನ್ನಬಹುದು?’

‘ಎಲ್ಡು.’

ಇನ್ನು ಹೊರಡುವುದೇ ಸರಿ ಎಂದುಕೊಂಡೆ ನಾನು. ಮೇಡಂ ಮಾತ್ರ ಅದನ್ನು ದೊಡ್ಡ ಸಂಖ್ಯೆಯೆಂಬಂತೆ ತೆಗೆದುಕೊಂಡು, ‘ಎರಡಿದೆ. ಸೊನ್ನೆ ಯಾಕಲ್ಲ?’ ಎಂದು ಕೇಳಿದರು.

ಬೀರಯ್ಯ ಗ್ರೀಸಿನ ಕೈಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. ‘ಅವ್ಳು ಈಗ್ಲೂ ಸ್ಕೂಲಿಂದ ಸೀದಾ ಅಂಗ್ಡಿಗೇ ಬತ್ತಾಳೆ ಅಮ್ಮ. ನಾನು ಕುಡ್ದಿದ್ರೂ ಬತ್ತಾಳೆ. ಒಂದಿನ ಬರೋದು ನಿಲ್ಸ್ಬುಟ್ರೆ?’

ಏನಾದರೆ ಮನಸ್ಸು ಹಗುರಾದೀತು ಎಂದು ಮೇಡಂ ಕೇಳಿದಾಗ ಅವರು ಮೊದಲ ಬಾರಿಗೆ ನನ್ನ ಕಡೆ ನೋಡಿದರು. ‘ಆಣೆ ಮಾಡ್ಸಿದೋರೇ ವಾಪಸ್ ತಗೋಬೇಕು ಸಾರ್’ ಎಂದರು.

ಮುಂದಿನ ಸೋಮವಾರ ಅದೇ ಪಟದ ಮುಂದೆ ಅಪ್ಪ-ಮಗಳಿಬ್ಬರನ್ನೂ ನಿಲ್ಲಿಸಿಕೊಂಡು, ‘ಈ ಆಣೆ ಬಲವಂತವಾಗಿ ಮಾಡಿಸಿದ್ದು ನಾನು. ತಪ್ಪು ನನ್ನದು. ವಾಪಸ್ ತಗೊಂಡಿದ್ದೀನಿ’ ಎಂದೆ. ಎಂ.ಎಸ್.ಡಬ್ಲ್ಯೂ. ಮಾಡಿದವನಿಗೆ ಇದೆಂಥ ಕರ್ಮ ಎಂದು ಒಳಗೊಳಗೇ ನಾಚಿಕೆಯಾಗುತ್ತಿತ್ತು. ಆಗ ಹರ್ಷಿತಾ ಮೆಲ್ಲಗೆ ಕೇಳಿದಳು: ‘ಹಾಗಾದ್ರೆ ಅಪ್ಪ ಕುಡಿದ್ರೆ ನಂಗೇನೂ ಆಗಲ್ವಾ?’

‘ಏನೂ ಆಗಲ್ಲ ಕಣಮ್ಮ’ ಎಂದರು ಮೇಡಂ.

ತನ್ನ ಜೀವ ಅಪ್ಪನ ಲೋಟದಲ್ಲಿದೆಯೆಂದು ಆ ಮಗು ಅಷ್ಟು ದಿನ ನಂಬಿಕೊಂಡಿತ್ತು. ನಾವ್ಯಾರೂ ಅವಳನ್ನು ಕೇಳಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಮೇಡಂ ಆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಈ ಬಾರಿ ಮಂಡಳಿಯವರೂ ಬೀಗದ ಕೈ ಕೇಳಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತೆಂದು ಬರೆದರೆ ಮೇಡಂ ಈ ಪುಟವನ್ನೇ ಹರಿದುಹಾಕುತ್ತಾರೆ. ಬೀರಯ್ಯ ಬಿಟ್ಟರು, ಕುಡಿದರು, ಮತ್ತೆ ಬಿಟ್ಟರು. ನಮ್ಮ ಕೈತಪ್ಪಿ ಸತ್ತವರೂ ಇದ್ದಾರೆ. ಅವರ ಮನೆಗಳಿಗೆ ಹೋಗಿಬಂದು ಮೇಡಂ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು, ಆಮೇಲೆ ಎದ್ದು ಮುಂದಿನವರನ್ನು ಒಳಗೆ ಕರೆಯುತ್ತಿದ್ದರು. ಆ ಏಳುವ ಶಕ್ತಿ ನನಗೆ ಈಗೀಗ ಸಾಲದಾಗಿದೆ. ಅವರು ನಿವೃತ್ತರಾಗುವ ಹೊತ್ತಿಗೆ ಬೀರಯ್ಯ ಕುಡಿಯದೆ ಹದಿನಾಲ್ಕು ತಿಂಗಳಾಗಿತ್ತು.

ಜೂನಿನ ಮೂರನೆಯ ಸೋಮವಾರ, ಬಾಗಿಲು ತೆರೆಯುವ ಹೊತ್ತಿಗೇ ಬೀರಯ್ಯ ಬಂದು ನಿಂತಿದ್ದರು. ‘ಅಮ್ಮ ಇಲ್ವಾ?’ ಎಂದರು. ನಿವೃತ್ತರಾದರೆಂದೆ. ‘ನೆನ್ನೆ ಕುಡ್ದ್‌ಬುಟ್ಟೆ ಸಾರ್. ಹೇಳೋಣಾಂತ ಬಂದೆ’ ಎಂದರು. ಹದಿನಾಲ್ಕು ತಿಂಗಳು ನೀರುಪಾಲಾಯಿತಲ್ಲ ಎಂದು ನನಗೆ ರೇಗಿಹೋಯಿತು. ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಆಮೇಲೆ ಹೊಳೆಯಿತು: ಆಣೆಯಿದ್ದಾಗ ಎರಡು ತಿಂಗಳು ಮುಖ ತೋರಿಸದವರು, ಆಣೆಯಿಲ್ಲದಾಗ ಮರುದಿನವೇ ಬಂದಿದ್ದಾರೆ.

ಮೇಡಂ, ನೀವು ಈಗ ಬುಧವಾರಗಳಲ್ಲಿ ಮಂಡಕಳ್ಳಿಯ ಹೆಂಗಸರ ಜೊತೆ ಕೂತು ಅವರ ಮಾತು ಕೇಳುತ್ತಿದ್ದೀರೆಂದು ತಿಳಿಯಿತು. ಆ ಕೆಲಸ ಬಹುಕಾಲ ನಡೆಯಲಿ, ಅದಕ್ಕೆ ಬೇಕಾದ ಆಯುಸ್ಸೂ ಆರೋಗ್ಯವೂ ನಿಮಗಿರಲಿ. ಇಲ್ಲಿಯ ಸುದ್ದಿ ಇಷ್ಟೇ. ಅವತ್ತು ನಾನು ಬೈಯಲಿಲ್ಲ. ನಿಮ್ಮ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತು, ‘ಹೇಳಿ ಬೀರಯ್ಯನೋರೇ’ ಎಂದೆ.