ರಂಗೂನಿನ ಸೊಸೆಯೊಡನೆ ರಾಜಾಜಿನಗರಕ್ಕೆ

ಕೆಂಗೇರಿಯಿಂದ ಬೆಂಗಳೂರು ಏನು ಮಹಾ ದೂರ ಎಂದು ನೀವು ಕೇಳಬಹುದು. ಹತ್ತು ಮೈಲಿ. ಕಾಶಿ ರಾಮೇಶ್ವರಕ್ಕೆ ಹೋಗಿಬಂದವರೇ ಬಾಯಿ ಮುಚ್ಚಿಕೊಂಡಿರುವಾಗ ಇವಳೇನು ಪ್ರವಾಸದ ಕತೆ ಬರೆಯುತ್ತಾಳೆ ಎಂದು ನಮ್ಮ ಯಜಮಾನರೂ ನಕ್ಕರು. ನಗಲಿ. ಹೋಗುವಾಗ ಇಬ್ಬರಿದ್ದೆವು. ಹೋದ ಕೆಲಸ ಕೆಟ್ಟರೆ ಆ ತಿಂಗಳು ಕಳೆಯುವುದರೊಳಗೆ ನಮ್ಮಲ್ಲೊಬ್ಬಳು ಹಡಗು ಹತ್ತಬೇಕಾಗಿತ್ತು. ಅಂಥ ಪ್ರಯಾಣ ಹತ್ತೇ ಮೈಲಿಯದಾದರೂ ಬರೆಯತಕ್ಕದ್ದೇ.

ಹಡಗು ಹತ್ತಬೇಕಾಗಿದ್ದವಳು ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ ಕೆಂಪಕ್ಕ. ಅವಳು ಹುಟ್ಟಿದ್ದು ರಂಗೂನಿನಲ್ಲಿ, ಬರ್ಮದವರ ಮನೆಯಲ್ಲಿ. ಭಾವನವರು ಅಲ್ಲಿನ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಅವಳನ್ನು ಮದುವೆಯಾದರು. ಯುದ್ಧದಲ್ಲಿ ಊರ ಮೇಲೆ ಬಾಂಬು ಬಿದ್ದಾಗ ಗಂಡ ಹೆಂಡತಿ ಕಾಡುಹಾದಿ ಹಿಡಿದು ನಡೆದೇ ಬಂದರು. ತವರಿನವರು ಏನಾದರೋ ಇವತ್ತಿಗೂ ತಿಳಿಯದು. ಅವಳ ಬರ್ಮದ ಹೆಸರು ನಮ್ಮತ್ತೆಯ ನಾಲಿಗೆಗೆ ಹೊರಳದೆ ಕೆಂಪಮ್ಮ ಎಂದಾಯಿತು. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವಳು ನನಗಿಂತ ನುಣ್ಣಗೆ ಮುದ್ದೆ ಕಟ್ಟುತ್ತಿದ್ದಳು, ನನಗಿಂತ ಜೋರಾಗಿ ಜಗಳವಾಡುತ್ತಿದ್ದಳು. ಒಂದೇ ಒಲೆಯ ಮುಂದೆ ಇಬ್ಬರು ಸೊಸೆಯರಿದ್ದರೆ ಹೊಗೆಯೇಳದೆ ಇರುತ್ತದೆಯೆ?

ಭಾವನವರು ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿಗೆ ಮಕ್ಕಳಾಗಲಿಲ್ಲ. ಅವರು ಹೋದ ಮೇಲೆ ನಮ್ಮತ್ತೆ ಹಿರಿಮಗನ ಹೆಸರೆತ್ತುವುದನ್ನೇ ಬಿಟ್ಟರು. ಬೇರೆಯವರು ಎತ್ತಿದರೆ ಎದ್ದು ಹಿತ್ತಲಿಗೆ ಹೋಗುವರು. ಹಾಗಾಗಿ ಮನೆಯಲ್ಲಿ ಆ ಹೆಸರೇ ನಿಂತುಹೋಗಿತ್ತು.

ಹೀಗಿರುವಾಗ ಪರದೇಶದವರ ಲೆಕ್ಕ ತೆಗೆಯಲು ಒಬ್ಬ ಪೊಲೀಸಿನವನು ಊರಿಗೆ ಬಂದ. ನಾವೆಲ್ಲ ಹಿಪ್ಪುನೇರಳೆ ತೋಟದಲ್ಲಿದ್ದೆವು, ಮನೆಯಲ್ಲಿ ಕೆಂಪಕ್ಕ ಒಬ್ಬಳೇ. ಹುಟ್ಟಿದ ಊರು ಕೇಳಿದ, ಹೇಳಿದಳು. ತಂದೆಯ ಹೆಸರು ಕೇಳಿದ, ಹೇಳಿದಳು. ಗಂಡನ ಹೆಸರು ಕೇಳಿದಾಗ ಬಾಗಿಲ ಮರೆಗೆ ಸರಿದು ತಲೆಯಲ್ಲಾಡಿಸಿದಳು. ನಮ್ಮ ಕಡೆ ಯಾವ ಹೆಂಗಸು ತಾನೇ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಾಳೆ? ಪಕ್ಕದಲ್ಲಿರುವ ಮಗುವನ್ನು ಮುಂದೆ ದೂಡಿ ಅದರ ಬಾಯಲ್ಲಿ ಹೇಳಿಸುತ್ತೇವೆ. ಅವಳಿಗೆ ದೂಡಲು ಮಗುವಿರಲಿಲ್ಲ. ಆ ಪುಣ್ಯಾತ್ಮ ಯಾವ ಊರಿನವನೋ, ಗಂಡ ಇಲ್ಲ, ಮದುವೆಯೇ ಆಗಿಲ್ಲವೆಂದು ಬರೆದುಕೊಂಡು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಕೆಲವು ತಿಂಗಳಿಗೆ ನೋಟೀಸು ಬಂತು. ನೀನು ಬರ್ಮದವಳು, ಈ ದೇಶದಲ್ಲಿರಲು ನಿನಗೆ ಹಕ್ಕಿಲ್ಲ, ತಿಂಗಳೊಳಗೆ ಹೊರಡು ಎಂಬುದು ಅದರ ಸಾರಾಂಶ. ನಾನು ಮಿಡಲ್ ಸ್ಕೂಲು ಓದಿದವಳಾದ್ದರಿಂದ ಅದನ್ನು ಗಟ್ಟಿಯಾಗಿ ಓದಿ ಹೇಳುವ ಕರ್ಮ ನನಗೇ ಬಂತು.

ನನ್ನ ಸೋದರಮಾವ ರಾಜಾಜಿನಗರದ ವಕೀಲರೊಬ್ಬರನ್ನು ಗೊತ್ತುಮಾಡಿದ. ಆದರೆ ನೋಟೀಸು ಕೊಟ್ಟ ಆಫೀಸಿನವರು ವಿಚಾರಣೆಗೆ ಕರೆದ ದಿನವೇ ನಮ್ಮ ರೇಷ್ಮೆಹುಳು ಹಣ್ಣಾಗಬೇಕೆ! ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೆಲ್ಲ ಮಣ್ಣುಪಾಲು. ಯಜಮಾನರು ಅಲುಗಾಡುವಂತಿರಲಿಲ್ಲ. “ನಾನೇ ಕರಕೊಂಡು ಹೋಗ್ತೀನಿ. ಬಾಯಿದ್ದೋಳು ಬರಗಾಲದಲ್ಲೂ ಬದುಕ್ತಾಳೆ” ಎಂದೆ. ಬೆಳಿಗ್ಗೆ ಹೊರಡುವಾಗ ಅತ್ತೆ ಜಗಲಿಗೆ ಬಂದು ನನ್ನ ಮುಂಗೈ ಹಿಡಿದುಕೊಂಡರು. “ಸಾವಿತ್ರಿ, ನೀನೊಬ್ಬಳೇ ವಾಪಸ್ ಬಂದ್ರೆ ನಾನು ಬಾಗಿಲು ತೆಗೆಯಲ್ಲ ಕಣೇ” ಎಂದರು.

ಚಳಿಗಾಲ. ಕೆಂಗೇರಿ ಸ್ಟೇಷನ್ನು ಮಂಜಿನಲ್ಲಿ ಮುಳುಗಿತ್ತು. ಮೈಸೂರಿನ ಕಡೆಯಿಂದ ಬಂದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರೆಕಾಯಿ ಮೂಟೆಗಳ ನಡುವೆ ಹೇಗೋ ಕುಳಿತೆವು. ಸೊಗಡಿನ ಕಾಯಿ, ಬೋಗಿಯೆಲ್ಲ ಘಮಘಮ. ಬೇರೆ ದಿನವಾಗಿದ್ದರೆ ಕೆಂಪಕ್ಕ ಮೂಟೆಯವನೊಡನೆ ಚೌಕಾಸಿಗೆ ಇಳಿಯುತ್ತಿದ್ದಳು. ಅವತ್ತು ಕಿಟಕಿಗೆ ಹಣೆ ಕೊಟ್ಟು ಮಂಜು ನೋಡುತ್ತಿದ್ದಳು. ನಾಯಂಡಹಳ್ಳಿಯಲ್ಲಿ ಬಿಸಿಲು ಹತ್ತಿತು. ನಾನು ರೊಟ್ಟಿ ಬಿಚ್ಚಿ ಕೊಟ್ಟರೆ ತಿಂದಳು, ಹೇಗಿದೆ ಎನ್ನಲಿಲ್ಲ. ನನ್ನ ಅಡಿಗೆಗೆ ಹೆಸರಿಡದೆ ಅವಳು ತಿಂದದ್ದು ಅದೇ ಮೊದಲು.

ಬೆಂಗಳೂರಿನಲ್ಲಿ ಇಳಿದು ಜಟಕಾ ಮಾಡಿದೆವು. ಗಾಡಿಯವನು ಮೊದಲು ಒಂದು ರೂಪಾಯಿ ಎಂದ, ನಾನು ಇಳಿದು ನಡೆಯತೊಡಗಿದ ಮೇಲೆ ಎಂಟಾಣೆಗೆ ಬಂದ. ಓಕಳಿಪುರ ದಾಟಿ ಶ್ರೀರಾಮಪುರದ ಇಕ್ಕಟ್ಟಿನಿಂದ ಹೊರಬಿದ್ದರೆ ರಾಜಾಜಿನಗರ ಬಯಲೋ ಬಯಲು. ಗೂಟ ಹೊಡೆದು ಗೆರೆ ಎಳೆದ ಸೈಟುಗಳು, ಅಲ್ಲೊಂದು ಇಲ್ಲೊಂದು ಸುಣ್ಣದ ವಾಸನೆ ಆರದ ಮನೆ, ಮೊಳಕಾಲೆತ್ತರದ ಸಾಲುಗಿಡ. ರಸ್ತೆಗಳು ಮಾತ್ರ ಮುಂದೆ ಬರುವ ಜನಕ್ಕಾಗಿ ಈಗಲೇ ಅಗಲವಾಗಿ ಮಲಗಿದ್ದವು. “ಇಲ್ಲಿರೋರೆಲ್ಲ ಬೇರೆ ಬೇರೆ ಊರಿಂದ ಬಂದೋರೇ ಕಣಮ್ಮ” ಎಂದ ಗಾಡಿಯವನು. “ಫ್ಯಾಕ್ಟರಿ ಕೆಲಸಕ್ಕೆ ಬಂದ್ರು, ಮನೆ ಕಟ್ಟಿದ್ರು, ಇಲ್ಲಿಯೋರೇ ಆಗೋದ್ರು.” ಕೆಂಪಕ್ಕ ಮೊದಲ ಸಲ ಬಾಯಿಬಿಟ್ಟಳು. “ಅವರನ್ನ ಯಾರೂ ಹೋಗಿ ಅನ್ನಲ್ವಾ?” ಎಂದು ಕೇಳಿದಳು.

ವಕೀಲರದು ಬಾಡಿಗೆ ಮನೆ. ಮುಂದಿನ ಕೋಣೆಯೇ ಆಫೀಸು, ಹಿಂದೆ ಸಂಸಾರ. ವಯಸ್ಸು ಚಿಕ್ಕದು, ಮಾತು ನಿಧಾನ. ನಮ್ಮೂರ ಪಟೇಲರು ಬರೆದುಕೊಟ್ಟ ಹೇಳಿಕೆಯನ್ನೂ ರೇಷನ್ ಕಾರ್ಡನ್ನೂ ನೋಡಿದರು. “ಹೆದರಬೇಡಿ, ದಾರಿ ಇದೆ. ಸಂವಿಧಾನ ಬಂದ ದಿನ ಇಲ್ಲೇ ನೆಲೆಸಿದ್ದು, ಅದಕ್ಕೆ ಮುಂಚೆ ಐದು ವರ್ಷದಿಂದ ಇಲ್ಲೇ ವಾಸ ಮಾಡ್ತಿದ್ದೋರು ಈ ದೇಶದ ಪ್ರಜೆಗಳೇ. ಹುಟ್ಟಿದ್ದು ರಂಗೂನಾದ್ರೂ ಸರಿ. ಇವರು ಬಂದಿದ್ದು ಯುದ್ಧದ ಕಾಲದಲ್ಲಿ. ಗಂಡನ ನೆಲೆ ಯಾವುದೋ ಹೆಂಡತಿಗೂ ಅದೇ ನೆಲೆ ಅನ್ನುತ್ತೆ ಕಾನೂನು. ಆಫೀಸರು ಒಪ್ಪದಿದ್ರೆ ಹೈಕೋರ್ಟಿಗೆ ಹೋಗಿ ತಡೆ ಕೇಳೋಣ, ದಿಲ್ಲಿಗೂ ಅರ್ಜಿ ಹಾಕೋಣ. ಆದ್ರೆ ಅಷ್ಟರೊಳಗೆ ಇವರನ್ನ ಗಾಡಿ ಹತ್ತಿಸಿಬಿಟ್ರೆ ಕಷ್ಟ. ಇವತ್ತೇ ಮುಗಿದ್ರೆ ಒಳ್ಳೇದು” ಎಂದರು. ಆಮೇಲೆ ಪೆನ್ನು ತೆಗೆದು, “ಹೇಳೀಮ್ಮ, ಯಜಮಾನರ ಹೆಸರೇನಿತ್ತು?” ಎಂದರು.

ಕೆಂಪಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಬಾಯಿದ್ದೋಳು ಎಂದು ಜಂಬ ಕೊಚ್ಚಿ ಬಂದಿದ್ದೆನಲ್ಲ, ನನಗೂ ಅವರು ಗಂಡನ ಅಣ್ಣ, ಭಾವ! ಅವರ ಹೆಸರನ್ನು ನಾನು ಹೇಳುವಂತಿಲ್ಲ. ಹೇಳಲಾಗದ ಇಬ್ಬರು ಹೆಂಗಸರು ಹತ್ತು ಮೈಲಿ ದಾಟಿ ಬಂದು ಕುಳಿತಿದ್ದೆವು. ಕಾಫಿ ತಂದ ವಕೀಲರ ಹೆಂಡತಿ ಬಾಗಿಲಲ್ಲೇ ನಿಂತು ಕಿಸಕ್ಕನೆ ನಕ್ಕರು. “ಅವರನ್ನ ಯಾಕೆ ಗೋಳು ಹೊಯ್ಕೋತೀರಿ? ನಿಮ್ಮ ಹೆಸರು ನಾನು ಯಾವತ್ತಾದ್ರೂ ಹೇಳಿದ್ದೀನಾ?”

ವಕೀಲರು ನಗಲಿಲ್ಲ. “ಪಟೇಲರ ಕಾಗದದಲ್ಲಿ ಹೆಸರಿದೆ, ನನಗೂ ಗೊತ್ತು. ಆದ್ರೆ ಗಂಡ ಇಲ್ಲ ಅಂತ ಇವರ ಹೆಬ್ಬೆಟ್ಟಿರೋ ಹೇಳಿಕೆ ಅಲ್ಲಿದೆ. ಅದನ್ನ ಇವರ ಬಾಯಿಂದಲೇ ತಿದ್ದಿಸಬೇಕು. ಬೇರೆಯೋರು ಹೇಳಿದ್ರೆ ಅಲ್ಲಿ ಒಪ್ಪಲ್ಲ” ಎಂದರು.

ಮೂವರೂ ಸಿಟಿ ಬಸ್ಸು ಹಿಡಿದು ಆಫೀಸಿಗೆ ಹೊರಟೆವು. ಬಸ್ಸಿನಲ್ಲಿ ನಾನು ಕೆಂಪಕ್ಕನ ಕಿವಿಯಲ್ಲಿ ಮಾತನಾಡಿದ್ದೇ ಮಾತನಾಡಿದ್ದು. “ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಅಂತಾರೆ. ಹೋದೋರ ಆಯಸ್ಸು ಇನ್ನೇನು ಕಮ್ಮಿಯಾಗುತ್ತಕ್ಕ? ಹೇಳಿಬಿಡು” ಎಂದೆ. ನನ್ನ ಮಾತು ಒರಟು, ಅದು ಊರಿಗೇ ಗೊತ್ತು. ಅವಳು, “ಹೇಳದೇ ಇದ್ರೆ ಇನ್ನೂ ಇದ್ದಾರೆ ಅನ್ಸುತ್ತೆ ಕಣೇ. ಹೇಳಿಬಿಟ್ರೆ ನಿಜವಾಗ್ಲೂ ಹೋದಂಗೆ” ಎಂದಳು. ನನಗೆ ಅಳು ಬಂತು. ಆಚೆ ತಿರುಗಿ ರಸ್ತೆ ನೋಡಿದೆ.

ಆಫೀಸರಿಗೆ ನೆಗಡಿ. ಕೊರಳಿಗೆ ಮಫ್ಲರು ಸುತ್ತಿಕೊಂಡು ಕುಳಿತಿದ್ದರು. ವಕೀಲರು ಹೇಳಿದ್ದನ್ನೆಲ್ಲ ಕೇಳಿ ಹಳೆಯ ಹೇಳಿಕೆಯನ್ನು ಮುಂದಿಟ್ಟುಕೊಂಡರು. “ಇವರೇ ಗಂಡ ಇಲ್ಲ ಅಂದಿದ್ದಾರಲ್ರೀ!” ಎಂದರು. ನಾನು ಬಾಯಿ ಹಾಕಿದೆ. “ನೀವು ಸುಮ್ಮನಿರಿಯಮ್ಮ, ಅವರು ಹೇಳಲಿ” ಎಂದು ನನ್ನ ಬಾಯಿ ಮುಚ್ಚಿಸಿ ಕೆಂಪಕ್ಕನ ಕಡೆ ತಿರುಗಿದರು. “ನಿಮಗೆ ಮದುವೆ ಆಗಿತ್ತಾ? ಯಾರ ಜೊತೆ?”

ಕೆಂಪಕ್ಕ ಸೆರಗು ಹೊದ್ದು ನೆಲ ನೋಡುತ್ತ ನಿಂತಿದ್ದಳು. ಆಫೀಸರು ಮತ್ತೆ ಕೇಳಿದರು, ಸ್ವಲ್ಪ ಬಿರುಸಾಗಿ. ವಕೀಲರ ಮುಖ ಇಳಿಯಿತು. ಅತ್ತೆ ಬಾಗಿಲು ತೆಗೆಯುವುದಿಲ್ಲವಲ್ಲ, ನಾನು ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೆ. ಆಗ ಅವಳು ಎರಡೂ ಕೈ ಜೋಡಿಸಿ, ಹಸೆಯ ಮೇಲೆ ಕೂತ ಮದುಮಗಳಂತೆ ಕಣ್ಣು ಮುಚ್ಚಿಕೊಂಡು ಒಗಟು ಹೇಳಿದಳು:

“ಬಾಂಬು ಬಿದ್ದ ಊರಿಂದ ಕೈ ಹಿಡಿದು ತಂದೋರು,
ಕೆಂಗೇರಿ ಹೊಸಿಲಲ್ಲಿ ಸೇರಕ್ಕಿ ಒದೆಸಿದೋರು,
ನಮ್ಮತ್ತೆ ಹಿರಿಮಗ ನಂಜುಂಡಪ್ಪನೋರು.”

ನಮ್ಮಲ್ಲಿ ಗಂಡನ ಹೆಸರು ಹೇಳಲು ಹೆಂಗಸರಿಗಿರುವುದು ಅದೊಂದೇ ದಾರಿ. ಮದುವೆಮನೆಯಲ್ಲಿ ಎಲ್ಲರೂ ಬಲವಂತ ಮಾಡಿದಾಗ ಹೀಗೆ ಪದ ಕಟ್ಟಿ ಅದರ ಕೊನೆಗೆ ಹೆಸರು ಸೇರಿಸುತ್ತೇವೆ. ರಂಗೂನಿನಲ್ಲಿ ಆದ ಅವಳ ಮದುವೆಯಲ್ಲಿ ಯಾರು ಒಗಟು ಕೇಳಿದ್ದರು? ಬೇರೆಯವರ ಮದುವೆಗಳಲ್ಲಿ ಕೇಳಿ ಕಲಿತಿದ್ದಳು, ತನ್ನ ಸರದಿಗೆ ಇಷ್ಟು ವರ್ಷ ಕಾದಿದ್ದಳು.

ಆಫೀಸರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನೆಗಡಿಯೋ ಮತ್ತೇನೋ ನಾನರಿಯೆ. “ನಮ್ಮ ಮನೆಯವಳು ಮದುವೆ ದಿನ ಹೇಳಿದ್ದೇ ಕೊನೆ” ಎಂದು ವಕೀಲರಿಗೆ ಹೇಳಿ, ಧ್ವನಿ ಇಳಿಸಿ ಅವಳನ್ನು ಕೇಳಿದರು. “ಸೇರಕ್ಕಿ ಒದ್ದಿದ್ದು ಯಾವಾಗಮ್ಮ?”

“ಜಪಾನಿನೋರು ರಂಗೂನಿಗೆ ನುಗ್ಗಿದ ವರ್ಷ ಸಾರ್. ಇಲ್ಲಿಗೆ ಬರೋ ಹೊತ್ತಿಗೆ ರಾಗಿ ನಾಟಿ ನಡೀತಿತ್ತು. ಕಾಲು ಒಡೆದು ರಕ್ತ ಬರ್ತಿತ್ತು. ನಮ್ಮತ್ತೆ ಅರಿಸಿನ ಹಚ್ಚಿ, ಆಮೇಲೆ ಸೇರು ಒದೆಸಿದ್ರು.”

“ಅಲ್ಲಿಂದ ಮುಂದೆ?”

“ಎಲ್ಲೂ ಹೋಗಿಲ್ಲ ಸಾರ್. ಬೆಂಗಳೂರಿಗೇ ಇದು ಮೂರನೇ ಸಲ.”

ವಕೀಲರು ಆಗ ಕಾನೂನು ಹೇಳಿದರು. ಐದು ವರ್ಷ ಬೇಕಾದ ಕಡೆ ಅದಕ್ಕಿಂತ ಹೆಚ್ಚೇ ಆಗಿದೆ ಎಂದರು. ಆಫೀಸರು ಪಟೇಲರ ಕಾಗದದೊಡನೆ ಹೋಲಿಸಿ ನೋಡಿ, ಗುಮಾಸ್ತನನ್ನು ಕರೆದು ಹಳೆಯ ಹೇಳಿಕೆ ತಪ್ಪು ತಿಳಿವಳಿಕೆಯಿಂದ ಆದದ್ದೆಂದೂ, ಈಕೆ ಪರದೇಶದವಳಲ್ಲವೆಂದೂ, ನೋಟೀಸು ರದ್ದೆಂದೂ ಬರೆಸಿದರು. ಅದರ ಒಂದು ಪ್ರತಿಗೆ ಸಹಿ ಹಾಕಿ ವಕೀಲರಿಗೆ ಕೊಟ್ಟರು. “ಊರಿಗೆ ಹೋಗೀಮ್ಮ. ನಿಮ್ಮನ್ನ ಯಾರೂ ಎಲ್ಲಿಗೂ ಕಳಿಸಲ್ಲ” ಎಂದರು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಕೆಂಪಕ್ಕನೇ ರೆಟ್ಟೆ ಹಿಡಿದು ಎಬ್ಬಿಸಿದಳು.

ಹೊರಗೆ ಬಿಸಿಲು ಹಿತವಾಗಿತ್ತು. ವಕೀಲರಿಗೆ ಕೈಮುಗಿದು ಬೀಳ್ಕೊಂಡು, ಒಂದು ಮರದ ಕೆಳಗೆ ಉಳಿದ ರೊಟ್ಟಿ ಬಿಚ್ಚಿದೆವು. ಕೆಂಪಕ್ಕ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು. “ಇದೇನೇ ಹುಚ್ಚೆಳ್ಳು ಚಟ್ನೀನಾ? ಉಪ್ಪಿನ ಗುಡ್ಡೆ! ಬೆಳಿಗ್ಗೆ ಹೇಗೆ ನುಂಗಿದೆನೋ ಶಿವನೇ ಬಲ್ಲ.” ಅಷ್ಟು ವರ್ಷದಲ್ಲಿ ಅವಳ ಬೈಗುಳ ನನಗೆ ಅಷ್ಟು ರುಚಿಸಿದ್ದಿಲ್ಲ. ಸ್ಟೇಷನ್ನಿಗೆ ಬರುವವರೆಗೂ ಚಟ್ನಿಯ ಮೇಲೆ ಜಗಳವಾಡಿದೆವು. ರೈಲಿನಲ್ಲಿ ಅವಳು ಹುರಿದ ಕಡಲೆಕಾಯಿಯವನೊಡನೆ ಚೌಕಾಸಿ ಮಾಡಿ ಒಂದು ಹಿಡಿ ಜಾಸ್ತಿ ಕಿತ್ತುಕೊಂಡಳು. ಸುತ್ತ ಕೂತಿದ್ದವರಿಗೆಲ್ಲ ಹಂಚಿದಳು.

ಹೊತ್ತಿಳಿಯುವ ಮುಂಚೆ ಕೆಂಗೇರಿ ಸೇರಿದೆವು. ಅತ್ತೆ ಜಗಲಿಯ ಮೇಲೆ, ಬೆಳಿಗ್ಗೆ ಬಿಟ್ಟಲ್ಲೇ ಕೂತಿದ್ದರು. ದೂರದಿಂದ ಇಬ್ಬರನ್ನೂ ಕಂಡು ಎದ್ದು ನಿಂತರು. ಯಜಮಾನರು ಚಂದ್ರಿಕೆಯ ಹಿಂದಿನಿಂದ ಕೊರಳೆತ್ತಿ ನೋಡಿ ಕಣ್ಣೊರೆಸಿಕೊಂಡರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿಬಿಟ್ಟೆ. ಅಕ್ಕ ಹೆಸರು ಹೇಳಿದಳು ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಇನ್ನೇನು ಹಿತ್ತಲಿಗೆ ನಡೆಯುತ್ತಾರೆ ಎಂದುಕೊಂಡೆ.

ಅತ್ತೆ ಹೋಗಲಿಲ್ಲ. ಕೆಂಪಕ್ಕನ ಗಲ್ಲ ಹಿಡಿದು, “ಏನಂತ ಹೇಳಿದೆ?” ಎಂದರು.

ಅವಳು ಒಗಟನ್ನು ಮತ್ತೆ ಹೇಳಿದಳು. ಕೊನೆಯ ಸಾಲಿಗೆ ಬಂದಾಗಲೂ ನಿಲ್ಲಿಸಲಿಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತದಿದ್ದ ಹೆಸರು ಜಗಲಿಯ ಮೇಲೆ ಗಟ್ಟಿಯಾಗಿ ಕೇಳಿಸಿತು. ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.

“ಇನ್ನೊಂದ್ಸಲ ಹೇಳವ್ವ” ಎಂದರು.