‘ಈ ಕಾಲು ನನ್ನದಲ್ಲ’

೧೯೮೯ರಲ್ಲಿ ನಾನು ರಿಯಾದಿನ ದೊಡ್ಡ ಆಸ್ಪತ್ರೆಯೊಂದರ ಮುಖ ಮತ್ತು ದವಡೆ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ರಿಜಿಸ್ಟ್ರಾರ್, ಎಂದರೆ ಮುಖ್ಯ ಸರ್ಜನ್ನರ ಕೈಕೆಳಗಿನ ವೈದ್ಯ, ಆಗಿದ್ದೆ. ಉಡುಪಿಯಿಂದ ಬಂದು ಮೂರು ವರ್ಷವಾಗಿತ್ತು. ನನ್ನ ಕೆಲಸದ ಮೇಲೆ ನನಗೆ ಪೂರ್ತಿ ಭರವಸೆ ಇದ್ದ ಕಾಲ ಅದು. ಉಳಿದವರ ಕೆಲಸದ ಮೇಲೆ ಅಷ್ಟಿರಲಿಲ್ಲ.

ಉನೈಜಾ ಎಂಬ ಊರಿನಿಂದ ಅಬೂ ನಾಸಿರ್ ಎಂಬ ಖರ್ಜೂರದ ತೋಟದ ಒಡೆಯರು ದಾಖಲಾದರು. ವಯಸ್ಸು ಐವತ್ತೈದರ ಆಸುಪಾಸು. ಕೆಳದವಡೆಯಲ್ಲಿ ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆ. ಅದು ಕ್ಯಾನ್ಸರ್ ಅಲ್ಲ. ಆದರೆ ಮೂಳೆಯನ್ನು ಒಳಗಿನಿಂದಲೇ ತಿಂದು ಟೊಳ್ಳು ಮಾಡುತ್ತದೆ, ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಒಂಬತ್ತು ಸೆಂಟಿಮೀಟರ್ ದವಡೆ ತೆಗೆಯಲೇಬೇಕಿತ್ತು.

ಆ ಜಾಗಕ್ಕೆ ಕಾಲಿನ ಮೂಳೆ ಕೂರಿಸುವುದೆಂದು ನಮ್ಮ ಮುಖ್ಯ ಸರ್ಜನ್ ನಿರ್ಧರಿಸಿದರು. ಅವರು ಈಜಿಪ್ಟಿನವರು, ಮಾತು ಕಡಿಮೆ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ದಪ್ಪನೆಯದು ದೇಹದ ಭಾರ ಹೊರುತ್ತದೆ. ಪಕ್ಕದ ಸಣಕಲು ಮೂಳೆ ಫಿಬುಲಾದ ನಡುಭಾಗ ತೆಗೆದರೂ ಮನುಷ್ಯ ನಡೆದಾಡಬಲ್ಲ. ಅದನ್ನು ರಕ್ತನಾಳದ ಸಮೇತ ಬಿಡಿಸಿ, ದವಡೆಯ ಆಕಾರಕ್ಕೆ ತುಂಡರಿಸಿ ಜೋಡಿಸಿ, ಕತ್ತಿನ ರಕ್ತನಾಳಕ್ಕೆ ಮೈಕ್ರೋಸ್ಕೋಪಿನ ಕೆಳಗೆ ಹೊಲಿಯಬೇಕು. ದವಡೆಗೆ ಈ ವಿಧಾನ ಆಗ ತೀರ ಹೊಸದು.

ಅಪಾಯ ಕಾಲಿನಲ್ಲಿತ್ತು. ಪಾದಕ್ಕೆ ರಕ್ತ ಒಯ್ಯುವ ನಾಳಗಳು ಸಾಮಾನ್ಯವಾಗಿ ಮೂರು. ಕೆಲವರಲ್ಲಿ ಎರಡು ಸೊರಗಿರುತ್ತವೆ, ಫಿಬುಲಾದ ನಾಳವೊಂದೇ ಇಡೀ ಪಾದವನ್ನು ಸಾಕುತ್ತಿರುತ್ತದೆ. ಅಂಥವರಲ್ಲಿ ಅದನ್ನು ತೆಗೆದರೆ ಪಾದವೇ ಹೋಗುತ್ತದೆ. ಅದಕ್ಕಾಗಿ ಮೊದಲು ಆಂಜಿಯೋಗ್ರಾಂ, ಎಂದರೆ ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವುದು. ಎರಡೂ ಕಾಲಿನದು ಆಯಿತು. ಟೈಪಾದ ವರದಿ ಬರುವುದು ತಡವಾಗುತ್ತದೆಂದು ನಾನೇ ಚೀಟಿ ಕಳಿಸಿ ಫಿಲ್ಮ್ ತರಿಸಿದೆ. ಮೂರೂ ನಾಳ ಸೊಗಸಾಗಿದ್ದವು. ಎಡಗಾಲೆಂದು ತೀರ್ಮಾನವಾಯಿತು.

ಆದರೆ ಅಬೂ ನಾಸಿರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೊಲ್ಲರು. ಅವರಿಗೆ ಎಲ್ಲದರ ಮೇಲೂ ಅನುಮಾನ. ಮಾತ್ರೆ ಕೊಟ್ಟರೆ ಬೆಳಕಿಗೆ ಹಿಡಿದು ನೋಡುವರು. "ಪ್ರಜ್ಞೆ ತಪ್ಪಿಸಿ ಮಲಗಿಸುತ್ತೀರಿ. ನನ್ನ ಮೂಳೆ ನನ್ನ ಬಾಯಿಗೇ ಹೋಗುತ್ತದೆ, ಬೇರೆಯವರಿಗಲ್ಲ ಎನ್ನಲು ಏನು ಖಾತ್ರಿ?" ಎಂದು ನನ್ನನ್ನೇ ಕೇಳಿದ್ದರು. ಇವರು ಹೇಳದೆ ಕೇಳದೆ ಊರಿಗೆ ಹೊರಟುಬಿಡುತ್ತಾರೆ ಎಂಬ ಸಂಶಯ ನನಗೆ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಅವರನ್ನು ಒಪ್ಪಿಸಲೆಂದು ಫಿಲ್ಮನ್ನು ವಾರ್ಡಿಗೆ ಒಯ್ದು ಕಿಟಕಿಗೆ ಹಿಡಿದೆ. ಅವರು ಬಹಳ ಹೊತ್ತು ನೋಡಿದರು.

"ಈ ಕಾಲು ನನ್ನದಲ್ಲ."

ನನಗೆ ನಗು ಬಂತು. ಅವರು ನಗಲಿಲ್ಲ. ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿದರು. ಎಡಗಾಲಿನಲ್ಲಿ ಮೊಣಕಾಲಿನ ಕೆಳಗಿನ ಮೂಳೆ ನಡುವೆ ಉಬ್ಬಿ, ತುಸು ಸೊಟ್ಟಗಿತ್ತು. "ಇಪ್ಪತ್ತರ ಪ್ರಾಯದಲ್ಲಿ ಖರ್ಜೂರದ ಮರದಿಂದ ಬಿದ್ದೆ. ಊರಿನವನೊಬ್ಬ ಕಟ್ಟಿದ, ಸೊಟ್ಟ ಕೂತಿತು. ನಿನ್ನ ಚಿತ್ರದಲ್ಲಿ ಕೋಲಿನಷ್ಟು ನೆಟ್ಟಗಿದೆಯಲ್ಲ, ಡಾಕ್ಟರ್?"

ಆ ಪಾದದ ನಾಡಿಯನ್ನು ನಾನು ಎರಡು ಸಲ ಹಿಡಿದು ನೋಡಿದ್ದೆ. ನಾಡಿ ಸಿಕ್ಕಿತ್ತು, ಅದರಿಂದ ಮೇಲೆ ಕಣ್ಣು ಹಾಯಿಸಿರಲಿಲ್ಲ.

ನೇರ ಎಕ್ಸ್‌ರೇ ವಿಭಾಗಕ್ಕೆ ಇಳಿದೆ. ಅಲ್ಲಿದ್ದ ತಂತ್ರಜ್ಞರು ಮಂಗಳೂರಿನ ವಿಲ್ಫ್ರೆಡ್, ನನಗಿಂತ ಹಿರಿಯರು. ಅವರೇ ಅದಲುಬದಲು ಮಾಡಿದ್ದಾರೆಂದು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದ್ದೆ. ದೂರಿನ ಮೊದಲ ಸಾಲು ಕೂಡ ತಲೆಯಲ್ಲಿ ತಯಾರಿತ್ತು.

"ಯಾರ ಫಿಲ್ಮ್ ಕಳಿಸಿದ್ದೀರಿ ನೀವು?"

"ಎಂತ ಡಾಕ್ಟ್ರೇ, ನನ್ನ ಮೇಲೆ ಸಂಶಯವಾ? ನೀವು ಬರೆದು ಹಾಕಿದ್ರೆ ನನ್ನ ಇಕಾಮಾ ಹೋಗ್ತದೆ, ಗೊತ್ತುಂಟಲ್ಲ?" ಇಕಾಮಾ ಎಂದರೆ ಅಲ್ಲಿ ನೆಲೆಸಿ ದುಡಿಯುವ ಪರವಾನಗಿ. ಅವರು ಡ್ರಾಯರಿನಿಂದ ಒಂದು ಚೀಟಿ ಹುಡುಕಿ ನನ್ನ ಮುಂದಿಟ್ಟರು. "ಇದು ಯಾರ ಅಕ್ಷರ, ನೀವೇ ನೋಡಿ ಮಾರಾಯ್ರೆ."

ಅಕ್ಷರ ನನ್ನದು. ರೋಗಿಯ ಫೈಲ್ ನಂಬರು ೭೧೯೪. ನಾನು ಬರೆದದ್ದು ೭೧೪೯. ಫಿಲ್ಮುಗಳ ಮೇಲೆ ಹೆಸರಿರುತ್ತಿರಲಿಲ್ಲ, ನಂಬರು ಮಾತ್ರ. ಕೇಳಿದ ನಂಬರಿನದನ್ನು ಅವರು ಕಳಿಸಿದ್ದರು, ಫೈಲಿನ ಜೊತೆ ತಾಳೆ ನೋಡುವ ಕೆಲಸ ನಾನು ಮಾಡಿರಲಿಲ್ಲ.

೭೧೯೪ರ ಲಕೋಟೆ ಕಪಾಟಿನಲ್ಲೇ ಇತ್ತು. ವಿಲ್ಫ್ರೆಡ್ ಫಿಲ್ಮ್ ತೆಗೆದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಎಡಗಾಲಿನಲ್ಲಿ ಹಳೆಯ ಮುರಿತದ ಗಂಟು. ಎರಡು ನಾಳಗಳು ನಡುದಾರಿಯಲ್ಲೇ ನೂಲಿನಂತಾಗಿ ಮಾಯ. ಫಿಬುಲಾದ ನಾಳವೊಂದೇ ದಪ್ಪಗೆ ಪಾದದವರೆಗೆ ಇಳಿದಿತ್ತು. ಬಲಗಾಲಿನಲ್ಲಿ ಮೂರೂ ಸರಿಯಾಗಿದ್ದವು. "ತಪ್ಪಾಯ್ತು ವಿಲ್ಫ್ರೆಡ್" ಎಂದೆ. ಅವರು ಚೀಟಿಯನ್ನು ಮಡಚಿ ಮತ್ತೆ ಡ್ರಾಯರಿಗೇ ಹಾಕಿದರು, ನನಗೆ ಕೊಡಲಿಲ್ಲ. ಹಾಗೆ ಮಾಡಿದ್ದು ಸರಿಯೇ ಆಗಿತ್ತು.

ಮುಖ್ಯ ಸರ್ಜನ್ ಫಿಲ್ಮ್ ನೋಡಿ ಕುರ್ಚಿಯಲ್ಲಿ ಕುಳಿತುಬಿಟ್ಟರು. "ಚೀಟಿ ಬರೆದವರು ಯಾರು?"

"ನಾನು."

"ಹಾಗಾದರೆ ರೋಗಿಗೆ ನೀನೇ ಹೇಳು."

ಹೇಳಿದೆ. ಆಸ್ಪತ್ರೆ ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಅಬೂ ನಾಸಿರ್ ನನ್ನ ಮುಖವನ್ನೇ ದಿಟ್ಟಿಸಿ, ಮೂರು ದಿನದಿಂದ ಮುಟ್ಟದಿದ್ದ ಪೆನ್ನನ್ನು ಕೈಗೆತ್ತಿಕೊಂಡರು. "ತಪ್ಪು ಮಾಡಿದವನು ತಾನಾಗಿ ಬಂದು ಹೇಳಿದ. ಬಲಗಾಲು ತೆಗೆದುಕೊಳ್ಳಿ. ಮೊದಲು ಅದರ ಚಿತ್ರ ತೋರಿಸು."

ಮರುದಿನ ಆಪರೇಷನ್ ಹನ್ನೊಂದು ಗಂಟೆ ನಡೆಯಿತು. ರಕ್ತನಾಳವನ್ನು ಒತ್ತಿ ಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಹೊಸ ದವಡೆಯ ಅಂಚಿನಿಂದ ರಕ್ತ ಜಿನುಗಿತು. ರಕ್ತ ಕಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಆರು ತಿಂಗಳ ನಂತರ ಅವರು ಊರುಗೋಲಿಲ್ಲದೆ ಹೊರರೋಗಿ ವಿಭಾಗಕ್ಕೆ ನಡೆದು ಬಂದರು. ಮಾತು ಸ್ಪಷ್ಟವಿತ್ತು. ಹೊಸ ಎಕ್ಸ್‌ರೇ ತೆಗೆಸಿದಾಗ, ಫಿಲ್ಮ್ ತಮ್ಮದೇ ಹೌದೋ ಎಂದು ನಂಬರನ್ನು ಎರಡು ಸಲ ಓದಿಸಿಕೊಂಡರು.

ಮುಂದಿನ ಇಪ್ಪತ್ತು ವರ್ಷ, ಕತ್ತಿ ಹಿಡಿಯುವ ಮೊದಲು ಪ್ರತಿ ರೋಗಿಗೂ ಫಿಲ್ಮ್ ತೋರಿಸಿ "ಇದು ನಿಮ್ಮದೇನಾ?" ಎಂದು ಕೇಳಿದ್ದೇನೆ. ಹೆಚ್ಚಿನವರು ನಕ್ಕಿದ್ದಾರೆ. ಸಂಶಯಪಡುವುದು ನಮ್ಮ ವೃತ್ತಿಯಲ್ಲಿ ತಪ್ಪಲ್ಲ. ಅದನ್ನು ಮೊದಲು ನನ್ನ ಅಕ್ಷರದಿಂದಲೇ ಶುರು ಮಾಡಬೇಕಿತ್ತು.