ಕಿಂಡಿಯಲ್ಲಿ ಎರಡು ಏಟು

ಟಕ್, ಟಕ್. ದೋಸೆ ಮಗುಚುವ ಕಬ್ಬಿಣದ ಸಟ್ಟುಗ ಮರದ ಹಲಗೆಗೆ ತಾಗುವ ಸದ್ದು ಅದು. ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಎದುರಿನ ಆ ಹೋಟೆಲಿನಲ್ಲಿ ಅಡುಗೆಮನೆಗೂ ಜನ ಕೂರುವ ಹಾಲ್‌ಗೂ ನಡುವೆ ಒಂದು ಕಿಂಡಿ ಇತ್ತು. ಕಿಂಡಿಯಿಂದ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಒಂದು ಕೈ. ಗಟ್ಟಿಮುಟ್ಟಾದ ಕೈ. ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಸುಟ್ಟ ಗೆರೆಗಳು, ಸ್ಕೂಲ್ ಸ್ಕೇಲಿನ ಮೇಲಿನ ಗೀಟುಗಳ ಹಾಗೆ. ಎರಡು ಹಸಿರು ಬಳೆ. ತಟ್ಟೆಯನ್ನು ಹಲಗೆಯ ಮೇಲಿಟ್ಟು ಕೈ ಮತ್ತೆ ಒಳಗೆ ಹೋಗುತ್ತಿತ್ತು. ಊರಿನ ಗಂಡಸರು ಹನ್ನೆರಡು ವರ್ಷ ಆ ಕೈಯ ದೋಸೆ ತಿಂದರು. ಮುಖ ಕಂಡವರು ಕೆಲವರು. ದನಿ ಕೇಳಿದವರು ಒಬ್ಬರೂ ಇಲ್ಲ.

ಊರು ಅವರನ್ನು ಹೋಟ್ಲಮ್ಮ ಅನ್ನುತ್ತಿತ್ತು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಕೊನೆಯವರೆಗೂ ಮಿಸ್ಸೇ ಅಂತಲೇ ಕರೆದರು. ಹುಡುಗಿಯರ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆಗಿ ನಾನು ಬಂದಾಗ ನನಗೆ ಸಿಕ್ಕ ಬಾಡಿಗೆ ಕೋಣೆ ಆ ಹೋಟೆಲಿನ ಹಿಂಭಾಗದಲ್ಲೇ ಇತ್ತು. ಅವರ ಅಡುಗೆಮನೆಗೂ ನನ್ನ ಕೋಣೆಗೂ ಒಂದೇ ಗೋಡೆ.

ಬಂದ ಮೊದಲ ವಾರ, ಸ್ಕೂಲಿನಿಂದ ಬರುತ್ತಾ ಅವರ ಹಿತ್ತಲಿನ ಬಾಗಿಲ ಮುಂದೆ ನಿಂತುಬಿಟ್ಟೆ. ಒಳಗಿನಿಂದ ಕುಚ್ಚಲಕ್ಕಿ ಗಂಜಿಯ ವಾಸನೆ ಬರುತ್ತಿತ್ತು. ನಮ್ಮಪ್ಪ ಚನ್ನಗಿರಿಯವರು, ನನ್ನನ್ನು ಎಂಟನೆಯ ವಯಸ್ಸಿಗೆ ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದ್ದರು. ಒಂಬತ್ತು ವರ್ಷ ಆ ಗಂಜಿ ಕುಡಿದು ಬೆಳೆದವಳು ನಾನು. ಬೋರ್ಡಿಂಗಿನಲ್ಲಿ ಫ್ರಾಂಕ್ಲಿ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆ ದಿನ ಮಾತ್ರ ಕಾಲು ಮುಂದೆ ಹೋಗಲಿಲ್ಲ. ಬಾಗಿಲಿಗೆ ಒಬ್ಬ ಹೆಂಗಸು ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಪಿಸುದನಿಯಲ್ಲಿ ಕೇಳಿದರು: "ಗಂಜಿ ವಾಸ್ನಿ ಬಂದ್ ಕೂಡ್ಲೇ ನಿಂತ್ರಿ ಅಲ್ದಾ? ನೀವ್ ಗಟ್ಟದ ಮೇಲಿನೋರ್ ಕಂಡಂಗೆ ಕಾಣ್ತ್ರಿ, ನಿಮ್ಗೆ ಇದ್ ಹ್ಯಾಂಗ್ ಗೊತ್ತ್?"

ಹೋಟೆಲಿನ ಮುಂದೆ ಹಾದುಹೋಗುವಾಗ ಕಿಂಡಿಯಲ್ಲಿ ಕಂಡಿದ್ದ ಕೈ, ನೋಡಿ ಗುರುತು ಹಿಡಿದೆ. ಆ ಸುಟ್ಟ ಗೆರೆಗಳು.

ಅವರು ಕುಂದಾಪುರದ ಕಡೆಯವರು. ಮಾವ ಮೊದಲು ಗಟ್ಟ ಹತ್ತಿ ಬಂದು ಹೋಟೆಲ್ ಹಾಕಿದ್ದು, ಮಗನಿಗೆ ಮದುವೆ ಮಾಡಿ ಸೊಸೆಯನ್ನು ಕರೆತಂದದ್ದು. ಹೋಟೆಲಿನ ಮೊದಲ ದಿನದ ಕಥೆ ಅವರು ನನಗೆ ಹತ್ತು ಸಲ ಹೇಳಿರಬೇಕು. ಮಾವ ಊರಿನಿಂದ ತಂದ ಕೊಬ್ಬರಿ ಎಣ್ಣೆಯಲ್ಲೇ ಎಲ್ಲ ಕರಿದಿದ್ದರು. ಅವರಿಗೆ ಬೇರೆ ಎಣ್ಣೆಯಲ್ಲಿ ಕರಿಯಬಹುದು ಅನ್ನುವುದೇ ಹೊಳೆದಿರಲಿಲ್ಲ. ಮಿರ್ಚಿ ಕಚ್ಚಿದ ಮೊದಲ ಗಿರಾಕಿ ತಟ್ಟೆ ದೂರ ತಳ್ಳಿ, "ಏನ್ರೀ, ತಲಿಗೆ ಹಚ್ಚೋ ಎಣ್ಣೀನ ಹೊಟ್ಟಿಗೆ ಹಾಕ್ತೀರೇನ್ರೀ? ತಿಂದು ಬಾಚ್ಕೋಬೇಕೇನು?" ಅಂದನಂತೆ. ಇಡೀ ಹಾಲ್ ನಕ್ಕು ಎದ್ದು ಹೋಯಿತಂತೆ. ಮರುದಿನದಿಂದ ಶೇಂಗಾ ಎಣ್ಣೆ. ಬೆಲ್ಲ ಹಾಕಿದ ಸಾಂಬಾರು ಹೋಗಿ ಖಾರದ ಸಾಂಬಾರು ಬಂತು. ಬೆಣ್ಣೆ ದೋಸೆ ಕಲಿತರು, ಒಗ್ಗರಣೆ ಮಂಡಕ್ಕಿ ಕಲಿತರು. "ತಿನ್ನೋರು ನೀವು, ರುಚಿ ನಿಮ್ದೇ ಇರ್ಲಿ" ಅನ್ನುವುದು ಹೋಟ್ಲಮ್ಮನ ಮಾತು. ಗಂಜಿ, ಕೊಬ್ಬರಿ ಎಣ್ಣೆ, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಇವೆಲ್ಲ ಹಿತ್ತಲಿನ ಬಾಗಿಲಿನ ಒಳಗೆ, ಅವರಿಗೆ ಮತ್ತು ನನಗೆ ಮಾತ್ರ.

ಮಾವ ಅಡುಗೆ ಬದಲಿಸಿದರು, ಒಂದು ಕಟ್ಟಳೆ ಬದಲಿಸಲಿಲ್ಲ. ಮನೆಯ ಹೆಂಗಸರ ದನಿ ಹಾಲ್‌ಗೆ ಕೇಳಬಾರದು. ಪರವೂರಿನಲ್ಲಿ ಅಂಗಡಿ ಇಟ್ಟವರು ನಾವು, ಯಾರೂ ಒಂದು ಮಾತು ಆಡುವಂತಾಗಬಾರದು ಅನ್ನುವ ಭಯ ಅವರಿಗೆ. ಹಾಗಾಗಿ ಹೋಟ್ಲಮ್ಮ ಸಟ್ಟುಗದಲ್ಲಿ ಮಾತಾಡಿದರು. ಒಂದು ಏಟು ಅಂದರೆ ಇಡ್ಲಿ. ಎರಡು ಅಂದರೆ ದೋಸೆ ಆಯಿತು, ತಣ್ಣಗಾಗುವ ಮೊದಲು ಬಂದು ಒಯ್ಯಿ. ಮೂರು ಅಂದರೆ ಹಿಟ್ಟು ಖಾಲಿ. ಸಪ್ಲೈ ಮಾಡುವ ಮುದುಕರಿಗೆ ಇದು ಬಾಯಿಪಾಠ. ಮಾವ ತೀರಿಕೊಂಡ ಮೇಲೂ ಯಾರೂ ಇದನ್ನು ಕೈಬಿಡಲಿಲ್ಲ. ಗಂಡ ಒಳ್ಳೆಯವರು, ಆದರೆ ಅಪ್ಪ ಹಾಕಿದ್ದನ್ನು ತೆಗೆಯುವ ಕರೇಜ್ ಇದ್ದವರಲ್ಲ.

ನನಗೂ ಅವರಿಗೂ ಗೋಡೆಯೇ ಟೆಲಿಫೋನ್ ಆಯಿತು. ಸಂಜೆ ನಾಲ್ಕೂವರೆಗೆ ಎರಡು ಏಟು ಬಿದ್ದರೆ ಕಾಫಿ ಆಯಿತು ಎಂದು ಅರ್ಥ. ನಾನು ಡಸ್ಟರಿನ ಮರದಿಂದ ಎರಡು ಏಟು ಹಾಕುತ್ತಿದ್ದೆ, ಬಂದೆ ಎಂದು. ನಾವಿಬ್ಬರೂ ಬಹಳ ಪಂಕ್ಚುಯಲ್.

ಒಂಬತ್ತು ವರ್ಷ ಹೀಗೆ ನಡೆಯಿತು. ಒಂದು ದಿನ ಯಜಮಾನರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಬಿತ್ತು, ಮಾತು ತೊದಲಿತು. ಹೋಟೆಲ್ ಬಾಗಿಲು ಹಾಕಿತು. ಮೂರನೇ ವಾರ ಕುಂದಾಪುರದಿಂದ ಅವರ ಅಣ್ಣ, ಹೋಟ್ಲಮ್ಮನ ಭಾವ, ಬಂದರು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು.

"ಹೆಂಗ್ಸ್ ನಿಂತ್ ಹೋಟ್ಲ್ ನಡ್ಸುದ್ ಎಲ್ಲಾರೂ ಇತ್ತಾ? ಪಾತ್ರೆ ಕಟ್ಟಿ. ನಾಡ್ದ್ ಲಾರಿ ಬತ್ತ್. ಊರಲ್ಲಿ ನಿಮ್ಗೊಂದ್ ಕೋಣೆ ಇತ್ತ್, ಊಟಕ್ಕೆ ತೊಂದ್ರಿ ಇಲ್ಲೆ."

ಸಂಜೆ ಗೋಡೆಗೆ ಎರಡು ಏಟು. ಹೋದೆ. ಹೋಟ್ಲಮ್ಮ ತಣ್ಣಗಾಗಿದ್ದ ಕಾವಲಿಯ ಮೇಲೆ ಕೈಯಿಟ್ಟು ಕೂತಿದ್ದರು. ಅಳುತ್ತಿರಲಿಲ್ಲ.

"ಅಲ್ಲಿ ಹೋದ್ರೆ ನಾನ್ ಇನ್ನೊಬ್ರ ಮನಿ ಒಳಕೋಣೆ ಮಿಸ್ಸೇ. ಇಲ್ಲಿ ನಂಗೆ ಒಂದ್ ಕಾವ್ಲಿ ಆದ್ರೂ ಇತ್ತ್. ಇಲ್ಲೇ ಹುಟ್ಟಿದ್ ಮಕ್ಳಿಗೆ ಅಲ್ಲಿನ ಮಾತೇ ಬತ್ತಿಲ್ಲ. ನಾಳೆ ಬೆಳಿಗ್ಗೆ ಬಾಗ್ಲ್ ತೆಗಿತೆ. ಹಿಟ್ಟ್ ರುಬ್ಬೋ ಹೆಂಗ್ಸಿಗೆ ದೋಸೆ ಕಲ್ಸಿದ್ದೆ, ಅವ್ಳ್ ಕಾವ್ಲಿ ಎದ್ರಿಗೆ ನಿಲ್ತಾಳೆ. ನಾನ್ ಹೊರ್ಗೆ. ಜನ ಕೂತ್ರೆ ಲಾರಿ ವಾಪಸ್ ಹೋತ್ತ್. ಕೂರದಿದ್ರೆ ನಾನೇ ಪಾತ್ರೆ ಕಟ್ತೆ." ಕಾವಲಿಯಿಂದ ಕೈ ತೆಗೆದು ಕೇಳಿದರು: "ನೀವ್ ಏಳ್ ಗಂಟಿಗೆ ಬಂದ್ ಮೊದ್ಲ್ ಕೂರ್ತ್ರಿಯಾ? ಒಬ್ರು ಕೂತ್ರೆ ಉಳ್ದೋರು ಕೂರ್ತ್ರ್."

ಅಫ್‌ಕೋರ್ಸ್ ಅಂದೆ. ಪ್ರಾಮಿಸ್ ಮಾಡಿದೆ.

ಆ ಕಾಲಕ್ಕೆ ನಮ್ಮಲ್ಲಿ ಹೆಂಗಸರು ಹೋಟೆಲಿನ ಹಾಲ್‌ನಲ್ಲಿ ಕೂರುತ್ತಿರಲಿಲ್ಲ. ಪಾರ್ಸೆಲ್ ತರಿಸುತ್ತಿದ್ದೆವು, ಇಲ್ಲವೇ ದೊಡ್ಡ ಊರುಗಳಲ್ಲಿ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮ್. ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಛತ್ರಿ ಹಿಡಿದು ಹೋದೆ. ಬಾಗಿಲಿನ ಪಕ್ಕದ ಕಂಬದವರೆಗೂ ಹೋದೆ. ಅಲ್ಲಿ ನಿಂತೆ. ನನ್ನ ಸ್ಟೂಡೆಂಟ್‌ಗಳ ಅಪ್ಪಂದಿರು, ಬಸ್ಸಿಗೆ ಕಾಯುವವರು, ಎಲ್ಲ ಗಂಡಸರೂ ಹೊಸ್ತಿಲ ಹೊರಗೇ ಗುಂಪು ಕಟ್ಟಿ ಒಳಗೆ ನೋಡುತ್ತಿದ್ದರು. ಕಾನ್ವೆಂಟಿನ ಸಿಸ್ಟರ್ ಕಿವಿಯಲ್ಲಿ ಹೇಳಿದ ಹಾಗಾಯಿತು: ಲೇಡಿ ಆದವಳ ದನಿ ಬೀದಿಯಲ್ಲಿ ಕೇಳಬಾರದು, ಅವಳ ಕಡೆ ಯಾರೂ ತಿರುಗಿ ನೋಡುವಂತಾಗಬಾರದು. ಕುಂದಾಪುರದ ಮಾವನೂ ನಮ್ಮ ಸಿಸ್ಟರೂ ಒಬ್ಬರನ್ನೊಬ್ಬರು ಕಂಡವರಲ್ಲ. ನಾನು ಒಳಗೆ ಹೋಗಲಿಲ್ಲ.

ಹಾಲ್‌ನ ನಡುವೆ ಹೋಟ್ಲಮ್ಮ ಒಬ್ಬರೇ ನಿಂತಿದ್ದರು. ನೀಲಿ ನೂಲಿನ ಸೀರೆ. ಕೈಯಲ್ಲಿ ಸಟ್ಟುಗ, ಅಭ್ಯಾಸ ಬಲದಿಂದ ಹಿಡಿದುಕೊಂಡೇ ಬಂದಿದ್ದರು. ದಿನಾ ಏಳಕ್ಕೆ ಬರುವ ಭತ್ತದ ಮಂಡಿ ಸಾಹುಕಾರರು ಹೊಸ್ತಿಲಿಗೆ ಬಂದರು. ಮೀಸೆಯ ದೊಡ್ಡ ಮನುಷ್ಯ.

"ಏನವ್ವಾ, ಒಳಗಿನೋರು ಹೊರಗ ಬಂದೀರಿ. ಯಜಮಾನ್ರು ಹೆಂಗದಾರೆ?"

ಹೋಟ್ಲಮ್ಮ ಬಾಯಿ ತೆರೆದರು. ಮಾತು ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವರು ಸುತ್ತ ನೋಡಿ, ಪಕ್ಕದ ಟೇಬಲ್ಲಿನ ಮೇಲೆ ಸಟ್ಟುಗದಿಂದ ಎರಡು ಏಟು ಹಾಕಿದರು. ಟಕ್, ಟಕ್.

ಮೂಲೆಯಲ್ಲಿದ್ದ ಸಪ್ಲೈ ಮುದುಕರು ದಡಬಡ ಎದ್ದು ಕಿಂಡಿಗೆ ಓಡಿ ಕೈಹಾಕಿದರು. ಹಲಗೆ ಖಾಲಿ. ಕಿಂಡಿಯಲ್ಲಿ ತಲೆ ತೂರಿಸಿ, "ಎಲ್ಲೈತ್ರೀ ದೋಸೆ? ಎರಡು ಬಡದ್ರಲ್ರೀ" ಅಂದರು. ಒಳಗಿನಿಂದ ರುಬ್ಬುವ ಹೆಂಗಸು, "ನಾ ಎಲ್ಲಿ ಬಡ್ದೆ ಅಜ್ಜಾ, ಇನ್ನೂ ಹಿಟ್ಟೇ ಹುಯ್ದಿಲ್ಲ" ಅಂದಳು.

ಸಾಹುಕಾರರ ಮೀಸೆ ಅಲುಗಿತು. "ಅಲ್ಲವ್ವಾ, ಇಷ್ಟು ವರ್ಷ ಆ ಟಕ್ ಟಕ್ ನಿಮ್ಮ ಮಾತೇನು? ನಾ ಬರೀ ದೋಸಿ ಮಗುಚೋ ಸದ್ದು ಅನ್ಕಂಡಿದ್ದೆ. ಅದು ಕೇಳಿದ್ರೆ ನನಗೆ ಮನ್ಯಾಗೂ ಹಸಿವಾಗ್ತೈತಿ." ಅಂದು ಜೋರಾಗಿ ನಕ್ಕು, ಚಪ್ಪಲಿ ಬಿಟ್ಟು, ಒಳಗೆ ಬಂದು ಕೂತರು. "ಮುದುಕಪ್ಪನ್ನ ಓಡಾಡಿಸಿದ್ದು ಸಾಕು, ಈಗ ಬಾಯಿಲೆ ಹೇಳ್ರಿ. ಒಂದು ಬೆಣ್ಣಿ ದೋಸಿ."

ಹೋಟ್ಲಮ್ಮನೂ ನಕ್ಕರು. ನಗು ಬಂದ ಮೇಲೆ ದನಿ ಅದರ ಹಿಂದೆಯೇ ಬಂತು: "ಒಂದ್ ಬೆಣ್ಣೆ ದೋಸೆ. ಗರಿಗರಿ ಇರ್ಲಿ."

ಪಿಸುದನಿಯ ಹೋಟ್ಲಮ್ಮನನ್ನು ಮಾತ್ರ ಬಲ್ಲವಳು ನಾನು. ಆ ದನಿ ತುಂಬಿದ ಕೊಡದ ಹಾಗಿತ್ತು, ದಪ್ಪಗೆ, ಗಂಭೀರವಾಗಿ. ರಸ್ತೆಯ ಆಚೆ ನಿಂತಿದ್ದ ಕಂಡಕ್ಟರ್ ತಿರುಗಿ ನೋಡಿದ. ಹೊಸ್ತಿಲ ಹೊರಗಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಆಗ ಅವರ ಕಣ್ಣು ಕಂಬದ ಹಿಂದಿನ ನನ್ನ ಮೇಲೆ ಬಿತ್ತು. ಕೊಟ್ಟ ಮಾತು ತಪ್ಪಿದವಳನ್ನು ಅವರು ಬೈಯಬಹುದಿತ್ತು. "ಮಿಸ್ಸೇ, ಒಳಗೆ ಬನ್ನಿ. ಹೊರಗೆ ನಿಂತ್ರೆ ಕಾಫಿ ತಣ್ಣಗಾತ್ತ್" ಎಂದು ಎಲ್ಲರಿಗೂ ಕೇಳುವಂತೆ ಕರೆದರು. ಹೋಗಿ ಕೂತೆ. ಮೊದಲಿಗಳಾಗಿ ಅಲ್ಲ, ಹನ್ನೊಂದನೆಯವಳಾಗಿ.

ಮರುದಿನ ಭಾವ ಲಾರಿ ತಂದಾಗ ಹಾಲ್ ತುಂಬಿತ್ತು. "ಭಾವ, ಒಂಚೂರ್ ನಿಲ್ಲಿ, ಜಾಗ ಆದ್ ಕೂಡ್ಲೇ ಕರಿತೆ" ಅಂದರು ಹೋಟ್ಲಮ್ಮ. ಲಾರಿ ಡ್ರೈವರಿಗೆ ಮೊದಲು ಜಾಗ ಸಿಕ್ಕಿತು. ಅವನು ಎರಡು ದೋಸೆ ತಿಂದು ಖಾಲಿ ಲಾರಿ ಹೊಡೆದುಕೊಂಡು ಹೋದ.

ಆಮೇಲೆ ನಲವತ್ತು ವರ್ಷ ಆ ದನಿ ಬಸ್ ಸ್ಟ್ಯಾಂಡಿಗೆ ಕೇಳಿತು. ಊರಿನ ಮಾತು ಅವರ ನಾಲಿಗೆಗೆ ಬಂತು, ಐತೆ, ಬರ್ರಿ, ಮಾಡಾಕೆ, ಎಲ್ಲ. ಫ್ಯಾಮಿಲಿ ರೂಮ್ ಮಾಡಿ ಅಂತ ಯಾರೋ ಸಲಹೆ ಕೊಟ್ಟರೆ, "ಯಾಕ್ರೀ, ಹೆಂಗಸ್ರು ಕದ್ದು ತಿನ್ನಾಕೆ?" ಅಂದರು. ಸೂಳೆಕೆರೆಗೆ ಪಿಕ್‌ನಿಕ್ ಹೊರಟ ನಮ್ಮ ಸ್ಕೂಲಿನ ಹುಡುಗಿಯರನ್ನೆಲ್ಲ ನಡುಹಾಲ್‌ನಲ್ಲೇ ಕೂರಿಸಿ ಬಡಿಸಿದರು. ನಾನು ಮಾತು ತಪ್ಪಿದ ಆ ಬೆಳಿಗ್ಗೆಯ ಸುದ್ದಿಯನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನೇ ಒಂದು ಸಲ ಸಾರಿ ಅಂದೆ. "ನೀವ್ ಬಂದಿದ್ರಿ ಅಲ್ದಾ, ಕಂಬದ ತನಕ" ಅಂದು ಕಾಫಿ ಮುಂದಿಟ್ಟರು.

ಹೋದ ವರ್ಷ ಹೋಟ್ಲಮ್ಮ ಹೋದರು. ನಾನು ದಾವಣಗೆರೆಯಲ್ಲಿದ್ದೆ. ಬರೀ ಕಣ್ಣಿನ ಚೆಕಪ್ ಎಂದು ಹೋದವಳಿಗೆ ಡಾಕ್ಟರು ನಾಳೆಯೇ ಆಪರೇಷನ್ ಮಾಡಿಬಿಡೋಣ ಅಂದರು. ಮೂರನೆಯ ದಿನ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ಈಗ ಹೋಟೆಲ್ ನಡೆಸುವ ಅವರ ಸೊಸೆ ಫೋನ್ ಮಾಡಿದಳು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಅತ್ತು ಮುಗಿದ ಮೇಲೆ ಅವಳು ಅಂದಳು: "ಮೊನ್ನೆ ಮಾಡಿದ ಕಡುಬು ಒಂದು ತಾಸಿನಾಗೆ ಖಾಲಿ ಆತು ಮಿಸ್. ನಿಮ್ಮ ಪಾಲು ಮುಚ್ಚಿಟ್ಟಿದ್ರು. ಬರ್ತೀನಿ ಅಂದಾರೆ, ಬಂದೇ ಬರ್ತಾರೆ ಅಂತಿದ್ರು."

ಹೌದು, ಬರುತ್ತೇನೆ ಅಂದಿದ್ದೆ. ಚೆಕಪ್ಪಿಗೆ ಹೊರಟ ದಿನ ಬೆಳಿಗ್ಗೆ ದಾವಣಗೆರೆ ಬಸ್ಸಿನ ಕಿಟಕಿಯಲ್ಲಿ ಕೂತಿದ್ದೆ. ಹೋಟೆಲಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೋಟ್ಲಮ್ಮ, ತೊಡೆಯ ಮೇಲೆ ನ್ಯಾಮತಿಯಿಂದ ತರಿಸಿದ ಹಲಸಿನೆಲೆಯ ರಾಶಿ, ಕೊಟ್ಟೆ ಕಟ್ಟುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು, ಹಾರ್ನ್ ಬೇರೆ. ಅದೆಲ್ಲದರ ಮೇಲೆ ಆ ದನಿ ಬಂತು.

"ಮಿಸ್ಸೇ, ಸಂಜೆ ಬರ್ರಿ. ಕೊಟ್ಟೆ ಕಡುಬು. ಮೇಲೆ ಕೊಬ್ಬರಿ ಎಣ್ಣೆ. ಇವತ್ತು ಹಿತ್ತಲಾಗ ಅಲ್ಲ, ಹಾಲ್‌ನಾಗೇ ಬಡಿಸ್ತೀನಿ, ಎಲ್ರಿಗೂ. ಯಾರ್ ಎದ್ದು ಹೋಗ್ತಾರೋ ನೋಡೇ ಬಿಡಾಣ."

ಬಸ್ಸಿನವರೆಲ್ಲ ತಿರುಗಿ ನೋಡಿದರು. ನನ್ನ ಪಕ್ಕದ ಹೆಂಗಸು, "ಯಾರ್ರೀ ಅದು, ಏನ್ ಗಂಟಲು" ಅಂದಳು. ಉತ್ತರವಾಗಿ ನಾನೂ ಕೂಗಬೇಕು ಅಂತಿದ್ದೆ. ಎಪ್ಪತ್ತೆಂಟು ವರ್ಷದ ಗಂಟಲು, ಒಮ್ಮೆಯೂ ಬೀದಿಯಲ್ಲಿ ಎತ್ತಿದ್ದಲ್ಲ, ಏಳಲಿಲ್ಲ. ಬಸ್ಸು ಅಲುಗಿತು. ಛತ್ರಿಯ ಹಿಡಿ ತಿರುಗಿಸಿ ಕಿಟಕಿಯ ಕಂಬಿಗೆ ಎರಡು ಏಟು ಹಾಕಿದೆ.

ಅವರಿಗೆ ಕೇಳಿಸಿತು. ಹಲಸಿನೆಲೆ ಹಿಡಿದ ಕೈಯನ್ನು ಮೇಲೆತ್ತಿದರು. ಸೆರಗು ಜಾರಿ, ಮಣಿಕಟ್ಟಿನಿಂದ ಮೊಣಕೈವರೆಗಿನ ಆ ಗೆರೆಗಳೆಲ್ಲ ಬಿಸಿಲಿಗೆ ಕಂಡವು.